ಆತ್ಮಕಥನವೂ ಚರಿತ್ರೆಯೇ

ಮಾನ್ಯರೇ,

ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಕನ್ನಡದ ಓದುಗಳಾಗಿ ನಾನು ಬಹಳ ಹೆಮ್ಮೆಪಟ್ಟೆ. ಆದರೆ ಆ ಸಂಭ್ರಮದ ಮಾತುಗಳಲ್ಲಿ, ಮೂರು ದಶಕಗಳ ಅವಧಿಯಲ್ಲಿ ಬರೆದ ಈ ಕಥೆಗಳ ಹಿಂದೆ ಬಂಡಾಯ ಸಾಹಿತ್ಯ ಚಳವಳಿಯೂ ವಕೀಲಿ ವೃತ್ತಿಯ ಅನುಭವವೂ ಇವೆಯೆಂಬುದು ಅಷ್ಟಾಗಿ ಕೇಳಿಬರಲಿಲ್ಲವೆಂಬ ಬೇಸರ ನನಗಿದೆ. ಮನೆಯೊಳಗಿನ ಹೆಣ್ಣಿನ ಸಂಕಟವನ್ನು ಧರ್ಮ, ಕಾನೂನು ಮತ್ತು ಹಣದ ಲೆಕ್ಕಾಚಾರಗಳ ನಡುವೆ ಇಟ್ಟು ನೋಡುವುದೇ ಅವುಗಳ ನಿಜವಾದ ಬಲ.

ಇದೇ ಬಲವನ್ನು ನಾನು ಡಾ. ವಿಜಯಾ ಅವರ ‘ಕುದಿ ಎಸರು’ ಕೃತಿಯಲ್ಲೂ ಕಂಡೆ. 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಆತ್ಮಕಥನ ದಾಂಪತ್ಯದ ಹಿಂಸೆಯನ್ನು ಮುಚ್ಚುಮರೆಯಿಲ್ಲದೆ ದಾಖಲಿಸುತ್ತದೆ. ಇಂಥ ಕೃತಿಗಳನ್ನು ಕೇವಲ ನೋವಿನ ಕಥೆಯೆಂದು ಕನಿಕರದಿಂದ ಓದಿ ಬದಿಗಿಡುವುದು ನನಗೆ ಒಪ್ಪಿಗೆಯಾಗದು. ಸರ್ಕಾರಿ ಕಡತಗಳಲ್ಲಿ ಸಿಗದ ಹೆಣ್ಣಿನ ಚರಿತ್ರೆ ಇರುವುದೇ ಇಲ್ಲಿ.

ಒಂದು ಶತಮಾನದ ಹಿಂದೆಯೇ ಕಾದಂಬರಿಗಳನ್ನು ಬರೆದು, ಸ್ವತಃ ಪ್ರಕಟಿಸಿ, ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದ ನಂಜನಗೂಡು ತಿರುಮಲಾಂಬ ಅವರ ಹೆಸರು ಸಾಹಿತ್ಯ ಚರಿತ್ರೆಯಲ್ಲಿ ದೀರ್ಘಕಾಲ ಮರೆಯಾಗಿತ್ತು. ಅದನ್ನು ಮತ್ತೆ ಚರ್ಚೆಗೆ ತಂದವರಲ್ಲಿ ಮಹಿಳಾ ವಿದ್ವಾಂಸರೇ ಮುಖ್ಯರು. ತಮ್ಮ ಭಾನುವಾರದ ಪುರವಣಿಯಲ್ಲಿ ಹೊಸ ಕಥಾಸಂಕಲನಗಳಿಗೆ ಸಿಗುವಷ್ಟೇ ಜಾಗವನ್ನು ಮಹಿಳೆಯರ ಆತ್ಮಕಥನಗಳ ಗಂಭೀರ ವಿಮರ್ಶೆಗೂ ಮೀಸಲಿಡಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಮೈಸೂರು