ಮಾನಿಟರ್ ಗುಜರಿಗೆ ಹಾಕುವ ಮುನ್ನ

ಮಾನ್ಯರೇ,

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆ ಕಂಪ್ಯೂಟರ್ ಇಟ್ಟುಕೊಂಡವರು ಅದರಲ್ಲೇ ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಸುತ್ತಿದ್ದಾರೆ. ಒಳ್ಳೆಯ ಕೆಲಸ. ಆದರೆ ಹಾಕಿಸಿದ ಮೇಲೆ ‘ಸ್ಕ್ರೀನ್ ಮಬ್ಬಾಯ್ತು, ಅಕ್ಷರ ಊದಿಕೊಂಡ್ವು, ಮಾನಿಟರ್ ಹೋಯ್ತು’ ಅಂತ ಅದನ್ನು ಗುಜರಿಗೆ ಹಾಕುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಾನು ದಾವಣಗೆರೆಯ ಮಂಡಿಪೇಟೆಯಲ್ಲಿ ಡಿಟಿಪಿ ಕೆಲಸ ಮಾಡುವವಳು. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ ಅಂತ ದಿನವಿಡೀ ಕಣ್ಣು ಸ್ಕ್ರೀನ್ ಮೇಲೇ ಇರುತ್ತದೆ. ನಾನು ನೋಡಿದ ಮಟ್ಟಿಗೆ ಇಂಥ ಮಾನಿಟರ್‌ಗಳು ಕೆಟ್ಟಿರುವುದು ಕಡಿಮೆ. ರೆಸಲ್ಯೂಷನ್, ಅಂದರೆ ಸ್ಕ್ರೀನಿನ ಅಗಲ–ಎತ್ತರದ ಚುಕ್ಕೆಗಳ ಲೆಕ್ಕ, ತಪ್ಪಿರುತ್ತದೆ, ಅಷ್ಟೇ.

ಪ್ರತಿ ಮಾನಿಟರ್ ತನ್ನ ಅಳತೆಯ ವಿವರವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಮೂಲ ಭಾಗ ಬರೀ 128 ಬೈಟ್‌ನಷ್ಟು ಮಾಹಿತಿ. ಇಡಿಐಡಿ ಅಂತ ಅದರ ಹೆಸರು. ಕಂಪ್ಯೂಟರ್ ಅದನ್ನು ಕೇಬಲ್ ಮೂಲಕ ಓದಿಕೊಳ್ಳುತ್ತದೆ. ನೀಲಿ ತಲೆಯ ಹಳೆ ವಿಜಿಎ ಕೇಬಲ್‌ನಲ್ಲಿ ಈ ಮಾಹಿತಿ ಬರುವುದು 12 ಮತ್ತು 15ನೇ ಪಿನ್‌ನಲ್ಲಿ. ಅಗ್ಗದ ಕೇಬಲ್‌ನಲ್ಲಿ ಆ ತಂತಿಗಳೇ ಇಲ್ಲದಿದ್ದರೆ, ಪಿನ್ ಬಗ್ಗಿದ್ದರೆ, ಇಲ್ಲವೇ ಪ್ರೊಜೆಕ್ಟರ್‌ಗೆ ಅಂತ ನಡುವೆ ಸ್ಪ್ಲಿಟರ್ ಹಾಕಿದ್ದರೆ ಮಾಹಿತಿ ತಲುಪದೇ ಹೋಗಬಹುದು. ಆಗ ಲಿನಕ್ಸ್ ಸಾಮಾನ್ಯವಾಗಿ 1024×768ಕ್ಕೆ ಬಂದು ನಿಲ್ಲುತ್ತದೆ. ಅಗಲದ ಸ್ಕ್ರೀನ್ ಇದ್ದರೆ ಮಾನಿಟರ್ ಆ ಚಿತ್ರವನ್ನು ಎಳೆದು ತುಂಬಿಸುತ್ತದೆ. ದುಂಡಗಿನ ಸೊನ್ನೆ ಮೊಟ್ಟೆ ಆಗುವುದು ಹೀಗೆ.

ಇಂಗ್ಲಿಷ್‌ಗಿಂತ ಕನ್ನಡಕ್ಕೆ ಇದರ ಪೆಟ್ಟು ಜಾಸ್ತಿ. ಧ ಮತ್ತು ಥ ನೋಡಿ, ಹೊಟ್ಟೆಯೊಳಗಿನ ಒಂದು ಚುಕ್ಕೆಯಷ್ಟೇ ವ್ಯತ್ಯಾಸ. ರ ಮತ್ತು ಠ ಕೂಡ ಹಾಗೇ. ಪ ಮತ್ತು ಷಕ್ಕೆ ಇರುವುದು ಒಂದು ಸಣ್ಣ ಗೆರೆ. ತಪ್ಪು ರೆಸಲ್ಯೂಷನ್‌ನಲ್ಲಿ ಆ ಚುಕ್ಕೆ, ಗೆರೆ ಕರಗಿಬಿಡುತ್ತವೆ. ‘ಲಕ್ಷ್ಮಿ’ಯ ಒತ್ತುಗಳು ಒಂದೇ ಕಪ್ಪು ಕಲೆಯಂತೆ ಕಾಣುತ್ತವೆ. ಪ್ರೂಫ್ ನೋಡುವವರ ಪಾಡು ಬಿಡಿ, ಅಂಥ ಸ್ಕ್ರೀನ್ ಮೇಲೆ ಈಗಷ್ಟೇ ಒತ್ತಕ್ಷರ ಕಲಿಯುವ ಶಾಲೆ ಮಕ್ಕಳ ಗತಿ ಏನು?

ಸರಿಮಾಡುವುದು ಕಷ್ಟವಲ್ಲ. ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಆಗಲೂ ಸರಿಹೋಗದಿದ್ದರೆ ಮಾನಿಟರ್ ಹಿಂದಿನ ಸ್ಟಿಕರ್‌ನಲ್ಲಿರುವ ಮಾಡೆಲ್ ನಂಬರ್‌ನಿಂದ ಅದರ ನಿಜವಾದ ಅಳತೆ ತಿಳಿದುಕೊಳ್ಳಿ. 1600×900 ಅಂತಿಟ್ಟುಕೊಳ್ಳೋಣ. ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಸಿವಿಟಿ’ (cvt) ಕಮಾಂಡ್‌ಗೆ 1600 900 60 ಅಂತ ಕೊಟ್ಟರೆ (60 ಅಂದರೆ ಸೆಕೆಂಡಿಗೆ ಚಿತ್ರ ಬದಲಾಗುವ ಸಲ) ‘ಮೋಡ್‌ಲೈನ್’ ಅನ್ನುವ ಒಂದು ಸಾಲು ಬರುತ್ತದೆ. ಅದರಲ್ಲಿ 118.25, 2112 ಅಂತೆಲ್ಲ ಅಂಕಿ ಇರುತ್ತವೆ, ಗಾಬರಿ ಬೇಡ. ಅಗಲ 1600 ಇದ್ದರೂ 2112 ಯಾಕೆ ಅಂದರೆ, ಹಳೆ ಪಿಕ್ಚರ್ ಟ್ಯೂಬ್‌ನಲ್ಲಿ ಕಿರಣ ಒಂದು ಗೆರೆ ಮುಗಿಸಿ ವಾಪಸ್ ಎಡಕ್ಕೆ ಬರಲು ಸ್ವಲ್ಪ ಬಿಡುವು ಬೇಕಿತ್ತು. ಆ ಲೆಕ್ಕ ಇನ್ನೂ ಉಳಿದುಕೊಂಡಿದೆ. ಆ ಸಾಲನ್ನು ‘ಎಕ್ಸ್‌ರಾಂಡರ್’ (xrandr) ಕಮಾಂಡ್‌ನ ‘ನ್ಯೂಮೋಡ್’ಗೆ (--newmode) ಕೊಟ್ಟು, ‘ಆ್ಯಡ್‌ಮೋಡ್’ನಿಂದ (--addmode) ಮಾನಿಟರ್ ಇರುವ ಪೋರ್ಟ್‌ಗೆ ಸೇರಿಸಿ, ಆಯ್ಕೆ ಮಾಡಿದರೆ ಅಕ್ಷರ ತಿಳಿಯಾಗುತ್ತವೆ. ‘ಔಟ್ ಆಫ್ ರೇಂಜ್’ ಅಂತ ಬಂದರೆ ರೀಸ್ಟಾರ್ಟ್ ಮಾಡಿ, ಮೊದಲಿನಂತೆಯೇ ಆಗುತ್ತದೆ.

ಹಾಕಿಕೊಡುವವರು ಎಡವುವುದು ಇದೇ ರೀಸ್ಟಾರ್ಟ್‌ನಲ್ಲಿ. ಈ ಸೆಟ್ಟಿಂಗ್ ತಾನಾಗಿ ಉಳಿಯುವುದಿಲ್ಲ. ಹೋಮ್ ಫೋಲ್ಡರ್‌ನ ‘ಎಕ್ಸ್‌ಪ್ರೊಫೈಲ್’ (.xprofile) ಫೈಲ್‌ನಲ್ಲಿ ಆ ಕಮಾಂಡ್‌ಗಳನ್ನು ಬರೆದಿಟ್ಟರೆ ಲಾಗಿನ್ ಆದಾಗಲೆಲ್ಲ ತಾವೇ ನಡೆಯುತ್ತವೆ. ಉಬುಂಟುವಿನ ಹೊಸ ಆವೃತ್ತಿಗಳಂತೆ ವೇಲ್ಯಾಂಡ್ ಅನ್ನುವ ಹೊಸ ಚಿತ್ರ ವ್ಯವಸ್ಥೆಯ ಮೇಲೆ ನಡೆಯುವ ಸಿಸ್ಟಂ ಆದರೆ ಎಕ್ಸ್‌ರಾಂಡರ್ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಕಂಪ್ಯೂಟರ್ ಶುರುವಾಗುವಾಗ ಲಿನಕ್ಸ್ ಎಬ್ಬಿಸುವ ಗ್ರಬ್‌ನ ಸೆಟ್ಟಿಂಗ್‌ನಲ್ಲಿ ‘ವಿಡಿಯೊ’ (video=) ಅಂತ ಲಿನಕ್ಸ್‌ನ ತಿರುಳಾದ ಕರ್ನಲ್‌ಗೇ ಅಳತೆ ಹೇಳಬೇಕು. ನಮ್ಮ ಕಡೆಯ ಒಂದು ಶಾಲೆಗೆ ಲಿನಕ್ಸ್ ಹಾಕಿಕೊಟ್ಟವರು ಇದ್ಯಾವುದನ್ನೂ ಮಾಡದೆ ದುಡ್ಡು ತಗೊಂಡು ಹೋದರು. ಮಾರನೇ ದಿನ ಕಂಪ್ಯೂಟರ್ ಹಚ್ಚಿದರೆ ಮತ್ತೆ ಅದೇ ಮಬ್ಬು. ಮೇಷ್ಟ್ರು ಪಾಪ, ಹೊಸ ಮಾನಿಟರ್‌ಗೆ ದಾನಿಗಳನ್ನು ಹುಡುಕುತ್ತಿದ್ದರು.

ಆದ್ದರಿಂದ ಶಾಲೆ, ಗ್ರಂಥಾಲಯ, ಸೊಸೈಟಿಯವರಲ್ಲಿ ನನ್ನ ವಿನಂತಿ. ಬಿಲ್ಲಿಗೆ ಸಹಿ ಹಾಕುವ ಮುಂಚೆ ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿಸಿ, ಮತ್ತೆ ಆನ್ ಮಾಡಿಸಿ. ‘ಲಕ್ಷ್ಮಿ’ ಅಂತ ಟೈಪ್ ಮಾಡಿಸಿ ಒತ್ತು ಬಿಡಿಬಿಡಿಯಾಗಿ ಕಾಣುತ್ತವಾ ನೋಡಿ. ಮಾನಿಟರ್‌ನ ಅಳತೆಯನ್ನು ಒಂದು ಚೀಟಿಯಲ್ಲಿ ಬರೆಸಿ ಅದರ ಬೆನ್ನಿಗೇ ಅಂಟಿಸಿಕೊಳ್ಳಿ. ಪತ್ರಿಕೆಯವರೂ ವಾರಕ್ಕೊಮ್ಮೆ ಇಂಥ ವಿಷಯಕ್ಕೆ ಸ್ವಲ್ಪ ಜಾಗ ಕೊಟ್ಟರೆ ಹಳೆ ಕಂಪ್ಯೂಟರ್ ನಂಬಿಕೊಂಡವರಿಗೆ ಉಪಕಾರವಾಗುತ್ತದೆ.

– ಡಿಟಿಪಿ ಕೆಲಸದವಳು, ಮಂಡಿಪೇಟೆ, ದಾವಣಗೆರೆ