ಶನಿವಾರ ಆಕಾಶ ನೋಡೋಕೆ ಬರೋರು ಓದಿ: ಕ್ವೇಸಾರ್‌ಗಳ ಗಾಮಾ ಸ್ಫೋಟ

ಗೆಳೆಯರೇ, ನಮಸ್ಕಾರ. "ರಾತ್ರಿ ಕಾಸ್ಮಿಕ್ ಕಿರಣ ಬರುತ್ತೆ, ಮೊಬೈಲ್ ಆಫ್ ಮಾಡಿ ಮಲಗಿ" ಅನ್ನೋ ಹಳೇ ಸುದ್ದಿ ಮತ್ತೆ ಗುಂಪಿಗೆ ಬಂದಿದೆ. ದಯವಿಟ್ಟು ಯಾರಿಗೂ ಕಳಿಸಬೇಡಿ. ದೂರದ ಕ್ವೇಸಾರ್‌ಗಳಿಂದ (ದೈತ್ಯ ಕಪ್ಪುಕುಳಿ ಇರೋ, ತುಂಬಾ ಹೊಳೆಯೋ ಗ್ಯಾಲಕ್ಸಿ ಕೇಂದ್ರಗಳಿಂದ) ಗಾಮಾ ಕಿರಣ, ಅಂದರೆ ಎಕ್ಸ್-ರೇಗಿಂತಲೂ ಹೆಚ್ಚು ಶಕ್ತಿಯ ಬೆಳಕು, ಬರೋದು ನಿಜ. ಆದರೆ ವಾತಾವರಣ ಅವನ್ನು ಮೇಲೇ ತಡೆಯುತ್ತದೆ. ಅದಕ್ಕೇ ಅಲ್ವಾ 2008ರಲ್ಲಿ ಫರ್ಮಿ ಅನ್ನೋ ಗಾಮಾ ಕಿರಣ ದೂರದರ್ಶಕವನ್ನು ಕಕ್ಷೆಗೆ ಕಳಿಸಿದ್ದು!

ಅದು ಕಿರಣ ಹಿಡಿಯೋ ರೀತಿ ನನಗೆ ತುಂಬಾ ಇಷ್ಟ. ಗಾಮಾ ಕಿರಣ ತೆಳು ಟಂಗ್‌ಸ್ಟನ್ ಹಾಳೆಗೆ ಬಡಿದು ಎಲೆಕ್ಟ್ರಾನ್-ಪಾಸಿಟ್ರಾನ್ (ಧನ ವಿದ್ಯುತ್ತಿನ ಎಲೆಕ್ಟ್ರಾನ್) ಜೋಡಿಯಾಗುತ್ತದೆ, ಆ ಜೋಡಿ ಸಿಲಿಕಾನ್ ಪಟ್ಟಿಗಳಲ್ಲಿ ಬಿಟ್ಟ ಜಾಡು ನೋಡಿ ಯಾವ ದಿಕ್ಕಿನಿಂದ ಬಂತು ಅಂತ ಲೆಕ್ಕ ಹಾಕುತ್ತಾರೆ, ತಳದ ಸೀಸಿಯಂ ಅಯೊಡೈಡ್ ಹರಳುಗಳು ಶಕ್ತಿ ಅಳೆಯುತ್ತವೆ. ಸುಮಾರು 3 ಗಂಟೆಗೊಮ್ಮೆ ಇಡೀ ಆಕಾಶ ನೋಡಿ ಮುಗಿಸುತ್ತದೆ. ಒಂದೇ ಜಾಗದಿಂದ ಬರೋ ಕಿರಣಗಳ ಎಣಿಕೆ ದಿಢೀರ್ ಏರಿದರೆ ಅಲ್ಲಿ ಸ್ಫೋಟ ಆಗಿದೆ ಅಂತ ಅರ್ಥ.

ಕನ್ಯಾ ರಾಶಿಯ 3ಸಿ 279 ಅನ್ನೋ ಕ್ವೇಸಾರ್ ಸುಮಾರು 500 ಕೋಟಿ ಜ್ಯೋತಿರ್ವರ್ಷ ದೂರ. 2015ರ ಜೂನ್‌ನಲ್ಲಿ ಅದರ ಗಾಮಾ ಹೊಳಪು 5 ನಿಮಿಷದೊಳಗೆ ದುಪ್ಪಟ್ಟಾಯಿತು. ಅಷ್ಟು ಬೇಗ ಬದಲಾಗಬೇಕಾದರೆ ಸ್ಫೋಟದ ಜಾಗ ತುಂಬಾ ಚಿಕ್ಕದಿರಲೇಬೇಕು, ದೊಡ್ಡ ಜಾಗ ದಾಟೋಕೆ ಬೆಳಕಿಗೇ ಹೆಚ್ಚು ಹೊತ್ತು ಬೇಕಲ್ವಾ. ಇದರ ಬಗ್ಗೆ ಶನಿವಾರ ಜಾಸ್ತಿ ಮಾತಾಡೋಣ.

ಅದೇ ರಾಶಿಯ 3ಸಿ 273 ಅನ್ನೋ ಕ್ವೇಸಾರ್ ಇದಕ್ಕಿಂತ ಹತ್ತಿರದ್ದು, ನಮ್ಮ 8 ಇಂಚಿನ ದೂರದರ್ಶಕದಲ್ಲಿ ಹುಡುಕೋಣ. ಚಿತ್ರದುರ್ಗದ ಪೇಟೆ ದೀಪಗಳಿಂದ ದೂರ ಹೋಗಬೇಕು, ಹಾಗಾಗಿ ದಾವಣಗೆರೆಯವರು ಕತ್ತಲಾಗೋ ಮುಂಚೆ ಬಸ್ ಸ್ಟ್ಯಾಂಡ್ ಹತ್ತಿರ ಸೇರಿ. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ಬನ್ನಿ. ಮಕ್ಕಳನ್ನೂ ಕರೆತನ್ನಿ.