ಬೀದಿಯಲ್ಲಿ ಅತ್ತೆ, ಮನೆಯೊಳಗೆ ಅಮ್ಮ

ಸಂಪಾದಕರಿಗೆ ನಮಸ್ಕಾರ,

ಅಮೆರಿಕದ ಸಮಾಜಶಾಸ್ತ್ರದ ಪ್ರೊಫೆಸರ್ ಒಬ್ಬರ ಬಗ್ಗೆ ನಿಮ್ಮ ಪುರವಣಿಯಲ್ಲಿ ಓದಿದೆ. ಜೈಲಿನಿಂದ ಹೊರಬಂದ ಹೆಂಗಸರು ಮತ್ತೆ ಮಕ್ಕಳ ಜೊತೆ ಬಾಳೋದು ಹೇಗೆ, ಅದರಲ್ಲಿ ಹೆಣ್ಣಾಗಿರೋದರ ಪಾಲೆಷ್ಟು, ಮೈಬಣ್ಣದ ಪಾಲೆಷ್ಟು ಅಂತ ಅವರ ಅಧ್ಯಯನವಂತೆ. ಇದೂ ಒಂದು ಓದಾ ಅಂತ ನಮ್ಮ ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ.

ತುಮಕೂರಿನ ಬಟವಾಡಿಯಲ್ಲಿ ನನ್ನದೊಂದು ಪುಟ್ಟ ಟೈಲರಿಂಗ್ ಅಂಗಡಿ ಇದೆ. ಸೀರೆಗೆ ಫಾಲ್ ಹಚ್ಚೋಕೆ, ಕಾಜಾ ಹೊಲಿಯೋಕೆ ಅಂತ ಎರಡು ವರ್ಷದಿಂದ ಒಬ್ಬಳು ಬರುತ್ತಾಳೆ. ಯಾವುದೋ ಕೇಸಿನಲ್ಲಿ ಸಿಕ್ಕಿ, ಜಾಮೀನಿಗೆ ನಿಲ್ಲುವವರು ಯಾರೂ ಇಲ್ಲದೆ ನಾಲ್ಕು ವರ್ಷ ಒಳಗಿದ್ದಳು. ಕೊನೆಗೆ ಖುಲಾಸೆ ಆಯಿತು. ತಪ್ಪೇ ಇಲ್ಲ ಅಂತ ಕೋರ್ಟು ಹೇಳೋಕೆ ನಾಲ್ಕು ವರ್ಷ ಹಿಡಿಯಿತು, ಇರಲಿ. ಒಳಗೆ ಹೋದಾಗ ಮಗನಿಗೆ ಮೂರು ವರ್ಷ, ಅವನೂ ಜೊತೆಗೇ ಹೋದ. 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವ ಪ್ರಕಾರ ಮಕ್ಕಳು ಆರು ವರ್ಷದವರೆಗೆ ಮಾತ್ರ ತಾಯಿ ಜೊತೆ ಜೈಲಿನಲ್ಲಿ ಇರಬಹುದು. ಇವನಿಗೆ ಆರು ತುಂಬಿತು, ಸೋದರಮಾವ ಬಂದು ಕರೆದುಕೊಂಡು ಹೋದ. "ಎಲ್ಲರೂ ಮಗನ ಹುಟ್ಟಿದಬ್ಬ ಬರಲಿ ಅಂತಾರೆ ಅಕ್ಕ, ನಾನು ಬರಬಾರದು ಅಂತ ದಿನ ಎಣಿಸ್ತಿದ್ದೆ" ಅಂತ ಒಮ್ಮೆ ಹೇಳಿದಳು, ದಾರವನ್ನು ಹಲ್ಲಲ್ಲಿ ಕಡಿಯುತ್ತಾ.

ಅವಳ ಆ ಅಣ್ಣ ಗುಬ್ಬಿಯಲ್ಲಿ ಬಾಡಿಗೆಗಿದ್ದಾನೆ. ಮಗುವಿನ ತಾಯಿ ಎಲ್ಲಿ ಅಂತ ಅಕ್ಕಪಕ್ಕದವರು ಕೇಳ್ತಾರಲ್ಲ, ಅದಕ್ಕೆ ತಮ್ಮದೇ ಮಗ ಅಂತ ಹೇಳಿಬಿಟ್ಟರು. ಹುಡುಗ ಸೋದರಮಾವನ ಹೆಂಡತಿಯನ್ನು ಅಮ್ಮ ಅನ್ನೋಕೆ ಶುರು ಮಾಡಿದ. ಹೆತ್ತವಳು ವಾಪಸ್ ಬಂದಾಗ ಬೀದಿಯಲ್ಲಿ ಅವಳು ಅತ್ತೆ, ಬಾಗಿಲು ಹಾಕಿಕೊಂಡ ಮೇಲೆ ಅಮ್ಮ. ಸ್ಕೂಲಿನ ಡೈರಿಗೆ ಸಹಿ ಹಾಕೋದು ಇವತ್ತಿಗೂ ಅತ್ತಿಗೆಯೇ. ಆ ಅತ್ತಿಗೆ ಕೆಟ್ಟವಳಲ್ಲ, ಜ್ವರ ಬಂದಾಗ ರಾತ್ರಿಯೆಲ್ಲಾ ಎದ್ದು ಕೂತವಳು ಅವಳೇ. ಅದಕ್ಕೇ ಇವಳಿಗೆ ಜಗಳ ಆಡೋಕೂ ಬಾಯಿ ಬರಲ್ಲ.

ಅಮೆರಿಕದಲ್ಲಿ 1997ರ ಒಂದು ಕಾನೂನಿದೆ. ಮಗು ಕಳೆದ 22 ತಿಂಗಳಲ್ಲಿ 15 ತಿಂಗಳು ಸರ್ಕಾರ ಗೊತ್ತು ಮಾಡಿದ ಬೇರೆ ಮನೆಯಲ್ಲಿ ಬೆಳೆದರೆ, ಹೆತ್ತವರ ಹಕ್ಕನ್ನೇ ತೆಗೆದುಹಾಕಿ ಅಂತ ಅಧಿಕಾರಿಗಳು ಕೋರ್ಟಿಗೆ ಹೋಗಬೇಕು. ಕೆಲವು ವಿನಾಯಿತಿಗಳಿವೆ, ಆದರೂ ಎರಡು ಮೂರು ವರ್ಷ ಶಿಕ್ಷೆ ಬಿದ್ದವಳ ಗತಿ ಯೋಚನೆ ಮಾಡಿ. ನಮ್ಮಲ್ಲಿ ಅಂಥ ಕಾನೂನು ಇಲ್ಲ ಅಂತ ಸಮಾಧಾನ ಪಡೋಣ ಅಂದರೆ, ನಮಗೆ ಅದು ಬೇಕೂ ಇಲ್ಲ ಅಲ್ವಾ? ಕಾಗದ ಪತ್ರ ಏನೂ ಇಲ್ಲದೆ ಓಣಿಯವರು, ನೆಂಟರು ಸೇರಿ ಆ ಕೆಲಸ ಸುಮ್ನೆ ಮುಗಿಸಿಬಿಡುತ್ತಾರೆ. ಗಂಡಸು ಜೈಲಿಂದ ಬಂದರೆ ತಾಯಿಯೋ ಹೆಂಡತಿಯೋ ಎಣ್ಣೆ ನೀರು ಹಾಕಿ ಊಟಕ್ಕೆ ಕೂರಿಸುತ್ತಾರೆ, ಮಕ್ಕಳು ಅಪ್ಪ ಅಂತಲೇ ಕರೆಯುತ್ತವೆ.

ಅಲ್ಲಿ ಕಪ್ಪು ಜನಾಂಗದ ಹೆಂಗಸರು ತಮ್ಮ ಜನಸಂಖ್ಯೆಯ ಪಾಲಿಗಿಂತ ಜಾಸ್ತಿ ಜೈಲಿನಲ್ಲಿದ್ದಾರೆ. ಬಣ್ಣದ ಜಾಗದಲ್ಲಿ ನಮ್ಮಲ್ಲಿ ಏನಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಜಾತಿ ನೋಡಿ ಜೈಲಿನಲ್ಲಿ ಕಸ ಗುಡಿಸೋ ಕೆಲಸ, ಅಡುಗೆ ಕೆಲಸ ಹಂಚಬಾರದು, ರಿಜಿಸ್ಟರಿನ ಜಾತಿ ಕಾಲಂ ಅಳಿಸಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದೇ ಮೊನ್ನೆ ಮೊನ್ನೆ, 2024ರ ಅಕ್ಟೋಬರಿನಲ್ಲಿ. ಮಗನನ್ನು ಇಲ್ಲಿಗೇ ಕರೆತರೋಣ ಅಂತ ಇವಳಿಗೊಂದು ರೂಮು ಹುಡುಕಲು ನಾನೂ ಜೊತೆಗೆ ಓಡಾಡಿದೆ. ಮೊದಲನೇ ಪ್ರಶ್ನೆ, ನೀವು ಯಾವ ಜನ? ಎರಡನೇದು, ಯಜಮಾನರು ಏನು ಮಾಡ್ತಾರೆ? ಮೂರನೇದು, ಇದಕ್ಕೆ ಮೊದಲು ಎಲ್ಲಿದ್ದಿರಿ? ಮೂರಕ್ಕೂ ಅವಳು ನನ್ನ ಮುಖ ನೋಡುತ್ತಿದ್ದಳು. ಒಂದು ಕಡೆ ಅಡ್ವಾನ್ಸ್ ಕೊಟ್ಟೂ ಆಗಿತ್ತು, ಮಾರನೇ ದಿನ ವಾಪಸ್ ಬಂತು.

2022ರ ಕೊನೆಗೆ ದೇಶದ ಜೈಲುಗಳಲ್ಲಿ ಮಕ್ಕಳ ಜೊತೆಗಿದ್ದ ಹೆಂಗಸರು 1,537, ಆ ಮಕ್ಕಳು 1,764 ಅಂತ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಲೆಕ್ಕ ಕೊಟ್ಟಿದೆ. ಇದು ಗೋಡೆಯ ಒಳಗಿನ ಲೆಕ್ಕ. ಹೊರಗೆ ಬಂದ ಮೇಲೆ ಎಷ್ಟು ಮಕ್ಕಳು ತಾಯಿ ಹತ್ತಿರ ಬಂದರು ಅಂತ ಆ ವರದಿಯಲ್ಲಿ ಕಾಲಮ್ಮೇ ಇಲ್ಲ. ತುಮಕೂರಲ್ಲಿ ವಿಶ್ವವಿದ್ಯಾಲಯ ಇದೆ, ಸಮಾಜಶಾಸ್ತ್ರ ಓದುವ ಹುಡುಗ ಹುಡುಗಿಯರಿದ್ದಾರೆ. ಹೆಂಗಸರ ಜೈಲೂ ನಮ್ಮೂರಲ್ಲೇ ಇದೆ. ಯಾರಾದರೂ ಒಬ್ಬರು ಈ ಕೆಲಸ ಕೈಗೆತ್ತಿಕೊಳ್ಳಬಾರದೇ?

ಹಾಗೆ ಯಾರಾದರೂ ಇದ್ದರೆ ಅಂಗಡಿಗೆ ಬರಲಿ. ಈ ಪತ್ರ ಬರೆಯೋ ಮೊದಲು ಅವಳನ್ನು ಕೇಳಿದ್ದೇನೆ. "ಹೆಸರು ಹಾಕಬಾರದು, ಫೋಟೊ ತೆಗೀಬಾರದು" ಅಂದಳು. ಬಾಗಿಲ ಪಕ್ಕದ ಮೆಷಿನ್ ಅವಳದು. ಐದೂವರೆ ಒಳಗೆ ಬಂದರೆ ಒಳ್ಳೇದು, ಆಮೇಲೆ ಅವಳು ಗುಬ್ಬಿ ಬಸ್ಸು ಹಿಡಿಯಬೇಕು.

ಇಂತಿ,
ಟೈಲರ್ ಅಂಗಡಿಯ ಓದುಗಿ
ಬಟವಾಡಿ, ತುಮಕೂರು